ಹೊಳೆಕೊಪ್ಪ ಸೇತುವೆಯ ಪ್ರತಿವಾದಿ

ಹೊಳೆಕೊಪ್ಪದ ಸೇತುವೆಗೆ ತನ್ನ ನೋವು ಹೇಳಿಕೊಳ್ಳಲು ಬರುತ್ತಿತ್ತು. ಕಟ್ಟುವಾಗಲೇ ಅದರ ಕಾಂಕ್ರೀಟಿನೊಳಗೆ ಕೂದಲೆಳೆಗಿಂತ ಸಣ್ಣ ಗಾಜಿನ ಎಳೆಗಳನ್ನು ಹಾಸಿದ್ದರು. ಲಾರಿಯೊಂದು ಮೇಲೆ ಹಾದರೆ ಎಳೆ ಹಿಗ್ಗುತ್ತಿತ್ತು, ಲಾರಿ ಹೋದ ಮೇಲೆ ಕುಗ್ಗುತ್ತಿತ್ತು. ಎಳೆಯೊಳಗೆ ಹರಿಯುವ ಬೆಳಕು ಆ ಹಿಗ್ಗು ಕುಗ್ಗುಗಳ ಸುದ್ದಿಯನ್ನು ದಡದ ಮೇಲಿನ ನಿಯಂತ್ರಣ ಕೊಠಡಿಗೆ ತಂದು ಮುಟ್ಟಿಸುತ್ತಿತ್ತು. ಎಲ್ಲಿ ಹಿಗ್ಗಿದ್ದು ಮತ್ತೆ ಕುಗ್ಗಲಿಲ್ಲವೋ ಅಲ್ಲಿ ಕಾಂಕ್ರೀಟು ಒಳಗೇ ಸೋಲುತ್ತಿದೆ ಎಂದು ಅರ್ಥ. ಯಂತ್ರ ಅದನ್ನೆಲ್ಲ ಕೂಡಿಸಿ ಕಳೆದು ಪರದೆಯ ಮೇಲೆ ನೂರರೊಳಗಿನ ಒಂದೇ ಅಂಕಿ ತೋರಿಸುತ್ತಿತ್ತು. ಎಂಜಿನಿಯರುಗಳು ಅದಕ್ಕೆ ದಣಿವು ಎಂದು ಹೆಸರಿಟ್ಟಿದ್ದರು. ಎಪ್ಪತ್ತು ದಾಟಿದರೆ ರಿಪೇರಿ ಮಾಡಬೇಕು. ಎಂಬತ್ತೈದು ದಾಟಿದರೆ ಗೇಟು ಮುಚ್ಚಬೇಕು.

ನೀಲಗಂಗಾ ಅಂಬಿಗೇರ ಆ ಕೊಠಡಿಗೆ ಬಂದಾಗ ದಣಿವು ಹನ್ನೊಂದು ಇತ್ತು. ಆಗ ಅಲ್ಲಿ ನಲವತ್ತು ಜನ ಕೆಲಸ ಮಾಡುತ್ತಿದ್ದರು. ಸೇತುವೆ ಕಟ್ಟಿದ ಕಂಪನಿ ಮಧ್ಯಾಹ್ನದ ಊಟ ಹಾಕುತ್ತಿತ್ತು, ವರ್ಷಕ್ಕೊಮ್ಮೆ ಹೊಸ ಬೂಟು ಕೊಡುತ್ತಿತ್ತು. ಹೊಳೆಯ ಆಚೆ ದಡದ ಸಿಂಗನಗಡವೇ ತಾಲೂಕು ಕೇಂದ್ರ. ಆಸ್ಪತ್ರೆ, ಪೊಲೀಸ್ ಠಾಣೆ, ಸೋಮವಾರದ ಸಂತೆ ಎಲ್ಲ ಅಲ್ಲೇ. ಹೊಳೆಕೊಪ್ಪದ ಕಡೆಯ ಹತ್ತಾರು ಹಳ್ಳಿಗಳವರು ದಿನ ಬೆಳಗಾದರೆ ಮಲಪ್ರಭೆ ದಾಟಲೇಬೇಕು. ದಾಟಲು ಬೇರೆ ದಾರಿ ಉಳಿದಿರಲಿಲ್ಲ. ಟೋಲು ಕೊಡದೆ ಯಾರೂ ತಪ್ಪಿಸಿಕೊಳ್ಳಬಾರದೆಂದು ಕಂಪನಿ ಸರ್ಕಾರದೊಡನೆ ಕರಾರು ಮಾಡಿಕೊಂಡು ಹಳೆಯ ತಗ್ಗು ಸೇತುವೆಯನ್ನು ಒಡೆಸಿತ್ತು, ದೋಣಿಯ ಕಡವನ್ನು ನಿಲ್ಲಿಸಿತ್ತು. ತಲೆಮಾರಿನಿಂದ ದೋಣಿ ನಡೆಸಿದ್ದ ನೀಲಗಂಗಾಳ ಗಂಡನ ಮನೆಯವರು ಅಂದಿನಿಂದ ಹೊಳೆಯಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕತೊಡಗಿದರು. ಗಂಡ ಯಮನೂರಪ್ಪ ಹೆಂಡತಿಯನ್ನು ಆಗಾಗ ಕಾಡುತ್ತಿದ್ದ: "ನಮ್ಮ ದೋಣಿ ನುಂಗಿದ ಸೇತುವಿ ಚಾಕರಿಗೆ ನೀ ಹ್ವಾದಿ. ಚಲೋ ಸೊಸಿ ಸಿಕ್ಕಳು ನಮ್ಮವ್ವಗ."

ಆಮೇಲೆ ಕಂಪನಿ ದಿವಾಳಿಯಾಯಿತು. ಅಂಥ ಹೊತ್ತಿಗೆಂದೇ ಪಥಋಣ ರಕ್ಷಣಾ ಕಾಯ್ದೆ ಎಂಬುದೊಂದಿತ್ತು. ಅದರ ಪ್ರಕಾರ ಸಾಲ ಕೊಟ್ಟವರು ಬಂದು ರಸ್ತೆಯ ಆದಾಯವನ್ನು ಮಾತ್ರ ವಶಕ್ಕೆ ತೆಗೆದುಕೊಳ್ಳಬಹುದು. ರಸ್ತೆ ಅವರದಾಗುವುದಿಲ್ಲ. ಸಾಲ ತೀರುವ ತನಕ ಸರ್ಕಾರಕ್ಕೂ ಹಿಂದಿರುಗುವುದಿಲ್ಲ. ಕಾಗದದ ಮೇಲೆ ಸೇತುವೆ ಸತ್ತ ಕಂಪನಿಯ ಹೆಸರಿನಲ್ಲೇ ಇರುತ್ತದೆ. ಟೋಲಿನ ಹಣ ಮೊದಲಿನಂತೆ ಬೀಳುತ್ತಿತ್ತು; ಗಾಡಿಗೆ ಅಂಟಿಸಿದ ಟೋಲಿನ ಚಿಪ್ ಓದಿ ಗೇಟು ತಾನೇ ತೆರೆದುಕೊಳ್ಳುತ್ತಿತ್ತು. ನಲವತ್ತು ಜನರಲ್ಲಿ ಐವರು ಉಳಿದರು. ರಿಪೇರಿಯ ಗ್ಯಾಂಗು ಹೋಯಿತು, ಕ್ರೇನು ಹೋಯಿತು, ಊಟದ ಮನೆಗೆ ಬೀಗ ಬಿತ್ತು. ದಣಿವು ನೋಡುವ ನೀಲಗಂಗಾಳನ್ನು ಆ ಐವರಲ್ಲಿ ಇರಿಸಿಕೊಂಡರು. ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ. ಸೇತುವೆಯ ಮೇಲೆ ಕಾಳಜಿ ಇರಬೇಕು ಎಂದುಕೊಂಡಳು.

ಎಂಬತ್ತೈದು ದಾಟಿದ ದಿನ ಅವಳ ಜೊತೆ ದಸ್ತಗೀರ ನದಾಫ ಇದ್ದ. ಗೇಟುಗಳ ಮೇಲ್ವಿಚಾರಕ, ಅವಳಿಗಿಂತ ಹತ್ತು ವರ್ಷ ದೊಡ್ಡವ, ಸದಾ ಹಲ್ಲುನೋವು. ದವಡೆ ಒತ್ತಿಕೊಂಡೇ ಪರದೆಯ ಕಡೆ ಬಗ್ಗಿದ.

"ಎಂಬತ್ತಾರಲ್ಲೇನ್ರಿ ಅದು?"

"ಹೌದ್ರಿ."

"ಮತ್ಯಾಕ ಕುಂತೀರಿ? ಮುಚ್ಚರಲ್ಲ!"

ಅವಳು ಮುಚ್ಚುವ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಸಾಲು ಬಂತು: 'ನಿರ್ವಾಹಕರ ಅನುಮತಿ ಬೇಕು.' ನಿರ್ವಾಹಕರೆಂದರೆ ಕಂಪನಿ. ಕಂಪನಿ ಇರಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಅದೇ ಸಾಲು. ಕಿಟಕಿಯಾಚೆ ಕಬ್ಬಿನ ಲಾರಿಗಳು ಒಂದರ ಹಿಂದೊಂದು ಸೇತುವೆ ಹತ್ತುತ್ತಿದ್ದವು.

ಸಾಲ ಕೊಟ್ಟವರ ಪರವಾಗಿ ಮುಂಬಯಿಯಲ್ಲಿ ದೇವಧರ ಎಂಬ ಪ್ರತಿನಿಧಿ ಇದ್ದ. ಬೆಳಗಾವಿಯಲ್ಲಿ ಬೆಳೆದವನು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವನಿಗೆ ಫೋನು ಮಾಡಿದಳು.

"ನೋಡಿದೆ ಅಮ್ಮಾ," ಎಂದ ಅವನು. "ನೀವು ನೋಡೋಕಿಂತ ಮೊದಲೇ ಇಲ್ಲಿ ಎಲ್ಲರೂ ನೋಡಿದ್ದಾರೆ."

"ಹಂಗಾದ್ರ ಮುಚ್ಚಿಸ್ರಿ. ನಿಮ್ಮ ಒಂದ್ ಮಾತು ಸಾಕು."

"ಅದೇ ಒಂದು ಮಾತು ನಾನು ಆಡೋ ಹಾಗಿಲ್ಲ. ಕಾಯ್ದೆ ನಮಗೆ ತಗೊಳ್ಳೋ ಹಕ್ಕು ಕೊಟ್ಟಿದೆ, ಮಾಡೋ ಹಕ್ಕು ಕೊಟ್ಟಿಲ್ಲ. ನಾವು ಗೇಟು ಮುಚ್ಚಿದರೆ ಸೇತುವೆಯನ್ನ ನಾವು ನಡೆಸಿದ ಹಾಗೆ. ನಡೆಸಿದವನೇ ನಿರ್ವಾಹಕ. ನಿರ್ವಾಹಕ ಆದ ಕ್ಷಣ ಹಿಂದಿನ ಮುಂದಿನ ಹೊಣೆ ಎಲ್ಲ ನಮ್ಮ ತಲೆ ಮೇಲೆ. ಒಂದು ಬೋಲ್ಟು ಕೂಡ ಮುಟ್ಟಬೇಡಿ ಅಂತ ವಕೀಲರು ಬರೆದುಕೊಟ್ಟಿದ್ದಾರೆ."

"ಮಂದಿ ಹಾಯತಾರ್ರಿ ಇದರ ಮ್ಯಾಲೆ."

ಅವನು ದನಿ ತಗ್ಗಿಸಿದ. "ಸರ್ಕಾರಕ್ಕೆ ಹೇಳಿ. ಮತ್ತೆ... ನಿಮ್ಮ ಮನೆಯವರು ಯಾರೂ ಅದರ ಮೇಲೆ ಹೋಗದ ಹಾಗೆ ನೋಡಿಕೊಳ್ಳಿ. ಇದು ನಾನು ಹೇಳಬಾರದಿತ್ತು."

ಅವತ್ತೇ, ದೇವಧರನ ಮಾತಿನಿಂದ, ಅವಳಿಗೆ ತನ್ನ ಕೆಲಸದ ಅರ್ಥವೂ ತಿಳಿಯಿತು. ಸೇತುವೆಯ ಸಾಲವನ್ನು ಕೋಟಿ ಚೂರು ಮಾಡಿ ಪೇಟೆಯಲ್ಲಿ ಮಾರಿದ್ದರು. ಚೂರುಗಳನ್ನು ಮನುಷ್ಯರು ಕೊಳ್ಳುತ್ತಿರಲಿಲ್ಲ. ಬೇರೆ ಬೇರೆ ದೇಶಗಳ ಯಂತ್ರಗಳು ಕಣ್ಣು ಮಿಟುಕಿಸುವುದರೊಳಗೆ ಕೊಂಡು ಮಾರುತ್ತಿದ್ದವು. ಅವು ಬೆಲೆ ಕಟ್ಟುತ್ತಿದ್ದುದು ಅವಳ ಪರದೆಯ ಅಂಕಿಯನ್ನು ನೋಡಿ. ದಣಿವು ಒಂದು ಏರಿದರೆ ಚೂರು ಹಿಡಿದಿದ್ದ ಯಂತ್ರ ಅದನ್ನು ಇನ್ನೊಂದಕ್ಕೆ ದಾಟಿಸುತ್ತಿತ್ತು. ಸೇತುವೆ ನರಳಿದ್ದು ಎಲ್ಲರಿಗೂ ಕೇಳುತ್ತಿತ್ತು. ಕೇಳಿದವರೆಲ್ಲ ಮಾರಿ ಎದ್ದುಹೋಗುತ್ತಿದ್ದರು.

ಮನೆಯಲ್ಲಿ ಯಮನೂರಪ್ಪ ಹಿತ್ತಲಲ್ಲಿ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ. ಅವನ ತಾಯಿ ಗೌರವ್ವ ಮೀನಿನ ಮೇವಿಗೆ ಹಿಂಡಿ ಕಲಸುತ್ತಿದ್ದಳು. ನೀಲಗಂಗಾ ಚೀಲ ಕೆಳಗಿಡದೆ ನಿಂತೇ ಎಲ್ಲ ಹೇಳಿದಳು.

"ಬೀಳತೈತೇನು?" ಎಂದ ಯಮನೂರಪ್ಪ.

"ಇವತ್ತ ಬೀಳತೈತಿ ಅಂತಲ್ಲ. ಹಿಂಗ ಭಾರ ಬೀಳಕೋತ ಹ್ವಾದ್ರ ಈ ವರ್ಷ ತೆಗೀಯೂದಿಲ್ಲ."

"ನೀ ಹೇಳಿದ್ರೂ ಮುಚ್ಚವಲ್ರಾ?"

"ಮುಚ್ಚಾಕ ಯಾರೂ ಇಲ್ಲ."

ಗೌರವ್ವ ಹಿಂಡಿ ಕೈ ಕೊಡವಿದಳು. "ಇಷ್ಟ ದೊಡ್ಡ ಸೇತುವಿಗಿ ಯಾರೂ ಇಲ್ಲಂದ್ರ ಹೆಂಗ? ರೊಕ್ಕ ತಗೊಳ್ಳಾಕ ಅದಾರಲ್ಲ?"

"ತಗೊಳ್ಳಾಕ ಅಷ್ಟ ಅದಾರ ಅತ್ತಿ."

ಯಮನೂರಪ್ಪ ಬಲೆ ಬದಿಗೆ ಸರಿಸಿ ಹೊಳೆಯ ಕಡೆ ಹೋದ. ಮೀನಿಗೆ ಮೇವು ಹಾಕುವ ದೋಣಿ ಅಗಲವಾಗಿತ್ತು, ಬ್ಯಾಟರಿ ಮೋಟಾರೂ ಇತ್ತು. ಅದರೊಳಗೆ ಹಲಗೆ ಬಡಿದು ಕೂರಲು ಜಾಗ ಮಾಡಿದ. ಮರುದಿನ ಬೆಳಿಗ್ಗೆ ಹಳೆಯ ಕಡವಿಗೆ ಹಚ್ಚಿದ. ಮೊದಲು ಹತ್ತಿದವಳು ಅವನ ತಾಯಿಯೇ. ನಂತರ ಹಾಲಿನ ಕ್ಯಾನು ಹಿಡಿದ ಹೆಂಗಸರು ಬಂದರು. ವಾರ ತುಂಬುವುದರೊಳಗೆ ಕಾಲೇಜಿನ ಹುಡುಗಿಯರು, ಆಸ್ಪತ್ರೆಗೆ ಹೋಗುವ ಬಸುರಿಯರು, ಸಂತೆಯವರು ದೋಣಿಗೆ ಸಾಲು ನಿಂತರು. ನೀಲಗಂಗಾ ಮನೆ ಮನೆಗೆ ಹೋಗಿ ಹೇಳಿದಳು. ಕೆಲವರು ನಂಬಿದರು. ಕೆಲವರು, "ಗಂಡನ ದೋಣಿ ನಡೀಬೇಕಲ್ಲ, ಹೇಳಾಕಬೇಕು" ಎಂದು ನಕ್ಕರು.

ಬಸ್ಸು, ಲಾರಿ ದೋಣಿ ಹತ್ತುವಂತಿರಲಿಲ್ಲ. ಅದಕ್ಕೆ ನೀಲಗಂಗಾ ನ್ಯಾಯಾಧಿಕರಣಕ್ಕೆ ಹೋದಳು.

ಪಥಋಣ ನ್ಯಾಯಾಧಿಕರಣ ಧಾರವಾಡದಲ್ಲಿ ಕೂರುತ್ತಿತ್ತು. ಅವಳ ಪರವಾಗಿ ಮಂದಾಕಿನಿ ಜಿಗಳೂರ ಎಂಬ ವಕೀಲೆ ಫೀಸಿಲ್ಲದೆ ವಾದಿಸಲು ಒಪ್ಪಿದಳು. ಚುರುಕು ಹೆಂಗಸು, ಆದರೆ ಮೊದಲ ಭೇಟಿಯಲ್ಲೇ, "ಗೆಲ್ತೀವಿ ಅಂತ ಹೇಳಂಗಿಲ್ರಿ, ಈ ಕಾಯ್ದೆದೊಳಗ ಸೋಲಾಕೂ ಒಬ್ಬ ಎದುರಾಳಿ ಬೇಕು" ಎಂದಿದ್ದಳು. ವಿಚಾರಣೆಯ ದಿನ ನೀಲಗಂಗಾಳಿಗೆ ಆ ಮಾತಿನ ಅರ್ಥವಾಯಿತು.

ನ್ಯಾಯಾಧೀಶರು ವಯಸ್ಸಾದವರು, ತಾಳ್ಮೆಯಿಂದ ದಣಿವಿನ ಲೆಕ್ಕವನ್ನೆಲ್ಲ ಕೇಳಿದರು. ಕೊನೆಗೆ ಕೇಳಿದರು: "ಇವರ ಮಾತು ನಿಜವಿದ್ದರೆ ಇದು ಭಯಂಕರ. ಸೇತುವೆ ಮುಚ್ಚುವಂತೆ ಆದೇಶ ಕೊಡೋಣ. ಯಾರಿಗೆ ಕೊಡಬೇಕು?"

"ಸಾಲ ಕೊಟ್ಟವರಿಗೆ ಸ್ವಾಮಿ," ಎಂದಳು ಮಂದಾಕಿನಿ.

"ಅವರ ಹೆಸರು?"

ಗುಮಾಸ್ತ ಪಟ್ಟಿಯನ್ನು ಗೋಡೆಯ ಪರದೆಯ ಮೇಲೆ ತೆರೆದ. ಹೆಸರುಗಳು ನಿಲ್ಲಲಿಲ್ಲ. ಮಳೆನೀರು ಗಾಜಿನ ಮೇಲೆ ಇಳಿದಂತೆ ಇಳಿಯುತ್ತಲೇ ಇದ್ದವು. "ಮೊದಲನೆಯದನ್ನ ಓದಿ" ಎಂದರು ನ್ಯಾಯಾಧೀಶರು. ಗುಮಾಸ್ತ ಬಾಯಿ ತೆರೆಯುವುದರೊಳಗೆ ಮೊದಲನೆಯದು ಬೇರೆಯಾಗಿತ್ತು. ಅವನು ಅದನ್ನು ಹಿಡಿಯಲು ಹೋದ, ಅದೂ ಹೋಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನೀಲಗಂಗಾಳಿಗೆ ನಗು ಬರಲಿಲ್ಲ.

"ಸತತವಾಗಿ ತೊಂಬತ್ತು ದಿನ ಸಾಲ ಹಿಡಿದವನಿಗೆ ಮಾತ್ರ ನೋಟೀಸು ಕೊಡಬಹುದು, ಅದು ಕಾಯ್ದೆ," ಎಂದರು ನ್ಯಾಯಾಧೀಶರು. "ಇಲ್ಲಿ ತೊಂಬತ್ತು ಉಸಿರು ಹಿಡಿದವನೂ ಇಲ್ಲ." ಅವರು ಸರ್ಕಾರಿ ವಕೀಲನ ಕಡೆ ತಿರುಗಿದರು. "ನೀವು ಮುಚ್ಚಿ."

ಸರ್ಕಾರಿ ವಕೀಲ ಎದ್ದು ನಿಂತ. ಸರ್ಕಾರ ಮುಚ್ಚಿದರೆ ಆದಾಯಕ್ಕೆ ಅಡ್ಡಿ ಮಾಡಿದಂತಾಗುತ್ತದೆ, ಆಗ ಉಳಿದ ಸಾಲವನ್ನೆಲ್ಲ ಸರ್ಕಾರವೇ ಒಂದೇ ಗಂಟಿನಲ್ಲಿ ತೀರಿಸಬೇಕಾಗುತ್ತದೆ, ಅದಕ್ಕೆ ಸಂಪುಟದ ಒಪ್ಪಿಗೆ ಬೇಕು, ಫೈಲು ಹೋಗಿದೆ ಎಂದ. ಅದೂ ಕಾಯ್ದೆಯೇ.

"ಈ ಕಾಯ್ದೆಯನ್ನ ಬರೆದವರು ಸಾಲ ಕೊಡೋನು ಓಡಿಹೋಗಬಾರದು ಅಂತ ಬರೆದರು," ಎಂದರು ನ್ಯಾಯಾಧೀಶರು. "ಅವನು ಓಡಿಹೋಗದೇ ಇರೋದಕ್ಕೆ ಏನೇನು ಬೇಕೋ ಎಲ್ಲ ಕೊಟ್ಟರು. ತಾಯೀ, ನಿಮ್ಮ ಅಂಕಿಗಳನ್ನ ದಾಖಲೆಗೆ ತಗೊಂಡಿದ್ದೀನಿ. ಆದೇಶ ಬರೆಯೋದಕ್ಕೆ ನನಗೊಂದು ಹೆಸರು ಬೇಕು." ವಿಚಾರಣೆ ಮುಂದಕ್ಕೆ ಹೋಯಿತು.

ದಾಖಲೆಗೆ ಹೋದ ಅಂಕಿ ಪತ್ರಿಕೆಗಳಲ್ಲಿ ಬಂತು. ನೀಲಗಂಗಾಳ ಫೋಟೋ ಕೂಡ ಬಂತು. ಸತ್ಯ ಹೊರಗೆ ಬಿದ್ದ ಮೇಲೆ ಏನಾದರೂ ಆಗಿಯೇ ಆಗುತ್ತದೆ ಎಂದು ಅವಳು ನಂಬಿದ್ದಳು. ಆಯಿತು. ಸೇತುವೆಯ ಸಾಲದ ಬೆಲೆ ಪಾತಾಳಕ್ಕೆ ಇಳಿಯಿತು. ಮುಳುಗುವ ಸಾಲಗಳನ್ನೇ ಅಗ್ಗಕ್ಕೆ ಕೊಳ್ಳುವ ಯಂತ್ರಗಳ ಒಂದು ಗುಂಪು ಅದರ ಮೇಲೆ ಎರಗಿತು. ಸೇತುವೆ ಎಷ್ಟು ದಿನ ನಿಂತಿರುತ್ತದೆ ಎಂದು ಅವು ಲೆಕ್ಕ ಹಾಕಿದವು. ಅಷ್ಟರಲ್ಲಿ ಬಾಚಬಹುದಾದಷ್ಟು ಬಾಚಬೇಕು. ಟೋಲಿನ ದರ ನಿಗದಿ ಮಾಡುವುದು ಆದಾಯದ ಹಕ್ಕಿನೊಳಗೇ ಬರುತ್ತಿತ್ತು, ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಭಾರಿ ಲಾರಿಗಳಿಗೆ ಅರ್ಧ ದರ ಎಂದು ಫಲಕ ಬೆಳಗಿತು.

ಅದಿರಿನ ಲಾರಿಗಳು ದೂರದ ಹೆದ್ದಾರಿ ಬಿಟ್ಟು ಹೊಳೆಕೊಪ್ಪದ ದಾರಿ ಹಿಡಿದವು. ಕೊಠಡಿಯ ನೆಲ ಇಡೀ ದಿನ ನಡುಗುತ್ತಿತ್ತು. ಮೇಜಿನ ಮೇಲಿಟ್ಟ ಚಹಾದ ಲೋಟ ಸರಿದು ಸರಿದು ಅಂಚಿಗೆ ಬರುತ್ತಿತ್ತು. ದಣಿವು ಒಂದು ವಾರದಲ್ಲಿ ಏರುವಷ್ಟನ್ನು ಒಂದು ದಿನದಲ್ಲಿ ಏರಿತು.

"ನಾ ಬಾಯಿ ಮುಚ್ಕೊಂಡಿದ್ರ ಇನ್ನೊಂದ್ ಎಂಟ ತಿಂಗಳರೆ ನಿಂದರತಿತ್ತು," ಎಂದಳು ನೀಲಗಂಗಾ.

ದಸ್ತಗೀರ ಅಂಚಿಗೆ ಬಂದಿದ್ದ ಲೋಟವನ್ನು ಹಿಂದಕ್ಕೆ ಸರಿಸಿದ. ಅವನ ಹೆಂಡತಿ ಆಚೆ ದಡದ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಆ ವಾರವೇ ಅವಳನ್ನು ಕೆಲಸ ಬಿಡಿಸಿದ.

ದೋಣಿಯನ್ನು ಜಪ್ತಿ ಮಾಡಲು ಬಂದ, ಸಾಲ ಕೊಟ್ಟವರ ಕಡೆಯ ವಸೂಲಿಯವರು ಒರಟಾಗೇನೂ ಇರಲಿಲ್ಲ. ಟೋಲಿನ ಲೆಕ್ಕದಲ್ಲಿ ಬಿದ್ದ ಕೊರತೆಯನ್ನು ಯಂತ್ರಗಳು ಹುಡುಕಿಕೊಂಡು ಹೊಳೆಗೆ ಬಂದಿದ್ದವು. ಸಮಾನಾಂತರ ಮಾರ್ಗ ನಡೆಸುವಂತಿಲ್ಲ ಎಂಬ ಹಳೆಯ ಕರಾರು ಇನ್ನೂ ಜೀವಂತವಾಗಿತ್ತು. ಆ ಕರಾರಿನಲ್ಲಿ ಸೇತುವೆ ರಿಪೇರಿ ಮಾಡುವ ಮಾತೂ ಇತ್ತು, ಅದು ಮಾತ್ರ ಕಂಪನಿಯ ಜೊತೆ ಸತ್ತಿತ್ತು. ದೋಣಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಟೋಲಿನ ಅಂಗಳದಲ್ಲಿ, ಗೇಟುಗಳ ಪಕ್ಕದಲ್ಲೇ ನಿಲ್ಲಿಸಿದರು. ಗೌರವ್ವ ಅದರ ಹಿಂದೆ ನಡೆದುಕೊಂಡೇ ಬಂದಳು. ಗೇಟಿನ ಕಂಬಕ್ಕೆ ಆತುಕೊಂಡು, "ಯಪ್ಪಾ, ನೀರಾಗ ಇರೂದನ್ನ ಬಿಸಲಾಗ ಇಟ್ರ ಬಾಯಿ ಬಿಡತೈತೋ" ಎಂದು ಯಾರಿಗೋ ಹೇಳಿದಳು. ಹಾಲಿನ ಹೆಂಗಸರು ಮರುದಿನದಿಂದ ಟೆಂಪೋ ಹತ್ತಿದರು. ಸಂತೆಗೆ ಹೋಗದೆ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ.

ದಣಿವು ತೊಂಬತ್ತಾರಕ್ಕೆ ಬಂದ ಸೋಮವಾರ ನೀಲಗಂಗಾ ಕೆಲಸಕ್ಕೆ ಹೋಗುವಾಗ ಗಂಡನನ್ನು ಜೊತೆಗೆ ಕರೆದುಕೊಂಡು ಹೋದಳು. 

"ಒಳಗ ಹಾಕತಾರ," ಎಂದ ಯಮನೂರಪ್ಪ.

"ಹಾಕ್ಲಿ."

"ನಿನ್ನ ನೌಕರಿ?"

"ಯಾವ ನೌಕರಿ? ನಾ ಹೇಳಿದ್ದನ್ನ ಮಾರಕೊಂಡು ತಿನ್ನಾಕತ್ಯಾರ. ಅದೊಂದು ನೌಕರಿನಾ?"

ದಸ್ತಗೀರ ಅವರಿಬ್ಬರನ್ನು ನೋಡಿದವನೇ ಏನೂ ಕೇಳದೆ ಅಂಗಳದ ಸರಪಳಿ ಬಿಚ್ಚಿದ. ಸಂತೆಗೆ ಹೊರಟಿದ್ದ ಅಂಬಿಗೇರ ಓಣಿಯ ನಾಲ್ವರು ಟೆಂಪೋದಿಂದ ಇಳಿದು ಬಂದು ಭುಜ ಕೊಟ್ಟರು. ಎಲ್ಲರೂ ಸೇರಿ ದೋಣಿಯನ್ನು ಎಳೆದು ಸೇತುವೆಯ ಬಾಯಿಗೆ ಅಡ್ಡ ಹಾಕಿದರು. ಆಚೆ ದಡಕ್ಕೆ ಫೋನು ಮಾಡಿದ ಮೇಲೆ ಅಲ್ಲಿಯೂ ಯಾರೋ ಎರಡು ಟ್ರ್ಯಾಕ್ಟರು ಅಡ್ಡ ನಿಲ್ಲಿಸಿದರು. ಸೇತುವೆ ಖಾಲಿಯಾಯಿತು. ನೀಲಗಂಗಾ ಒಳಗೆ ಓಡಿಹೋಗಿ ಪರದೆ ನೋಡಿದಳು. ಏರುತ್ತಿದ್ದ ಅಂಕಿ ನಿಂತಿತ್ತು. ತಿಂಗಳುಗಳ ಮೇಲೆ ಮೊದಲ ಸಲ ಕೊಠಡಿಯ ನೆಲ ನಡುಗುತ್ತಿರಲಿಲ್ಲ. ಅವಳು ಕುರ್ಚಿಯ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಮಧ್ಯಾಹ್ನದವರೆಗೂ ತಡೆದರು. ಅಷ್ಟರಲ್ಲಿ ಅದಿರಿನ ಲಾರಿಗಳು ಹೊಳೆಕೊಪ್ಪದ ಊರಾಚೆಯ ತನಕ ಸಾಲು ನಿಂತಿದ್ದವು. ಸಿಂಗನಗಡದಿಂದ ಪೊಲೀಸರು ಆಚೆಯ ಟ್ರ್ಯಾಕ್ಟರುಗಳನ್ನು ಬದಿಗೆ ಸರಿಸಿ, ಒಂದು ಕ್ರೇನು ತೆಗೆದುಕೊಂಡು ಬಂದರು. ಸಬ್ ಇನ್ಸ್‌ಪೆಕ್ಟರ್ ಬಿರಾದಾರ ಒಳ್ಳೆಯ ಮನುಷ್ಯನೇ. ಅವನ ಮಗಳಿಗೆ ಯಮನೂರಪ್ಪ ಈಜು ಕಲಿಸಿದ್ದ.

"ಯಮನೂರಿ, ಆದಾಯಕ್ಕ ಅಡ್ಡಿ ಮಾಡಿದ್ರ ನನಗ ಕೇಳೂ ಹಕ್ಕ ಇಲ್ಲೋ. ಹಿಡಕೊಂಡು ಹೋಗಬೇಕಷ್ಟ," ಎಂದ.

"ಹಿಡಕೊಂಡ್ ಹೋಗ್ರಿ ಸಾಹೇಬ್ರ," ಎಂದಳು ನೀಲಗಂಗಾ. "ಲಾರಿ ಮಾತ್ರ ಬಿಡಬ್ಯಾಡ್ರಿ. ಅದೂ ಎಲ್ಲಾ ಒಮ್ಮೆಲೆ ಬಿಡಬ್ಯಾಡ್ರಿ. ಕಾಲಿಗಿ ಬೀಳತೀನಿ. ನಮ್ಮನ್ನ ಈ ದೋಣ್ಯಾಗ ಕರಕೊಂಡ್ ಹೋಗ್ರಿ."

"ಆರೋಪಿಗಳನ್ನ ದೋಣ್ಯಾಗ ಒಯ್ಯಾಕ ಬರತೈತೇನವಾ?"

ಅವಳನ್ನು ಹೆಣ್ಣು ಪೇದೆಯ ಜೊತೆ ಜೀಪಿನಲ್ಲಿ ಕೂರಿಸಿದರು. ಯಮನೂರಪ್ಪನನ್ನೂ ಓಣಿಯ ನಾಲ್ವರನ್ನೂ ಹಿಂದಿನ ವ್ಯಾನಿಗೆ ಹತ್ತಿಸಿದರು. ಬಿರಾದಾರ ವ್ಯಾನಿನಲ್ಲೇ ಕೂತ. ಹತ್ತುವಾಗ ಯಮನೂರಪ್ಪ ಅವಳ ಕಡೆ ನೋಡಿ, "ಅವ್ವಗ ಫೋನ್ ಮಾಡಿ ಮೀನಿಗಿ ಮೇವು ಹಾಕಾಕ ಹೇಳು" ಎಂದ. ದೋಣಿಯನ್ನು ಕ್ರೇನಿನಿಂದ ಎತ್ತಿ ಬದಿಗೆ ಹಾಕಿದರು. ಗೇಟುಗಳಿಗೆ ಹಸಿವಾಗಿತ್ತು. ಎಲ್ಲವೂ ಒಮ್ಮೆಲೇ ತೆರೆದುಕೊಂಡವು.

ಜೀಪು ಆಚೆ ದಡ ಮುಟ್ಟಿ ಟ್ರ್ಯಾಕ್ಟರುಗಳನ್ನು ದಾಟುತ್ತಿದ್ದಾಗ ಅವಳಿಗೆ ಕೇಳಿದ್ದು ದೊಡ್ಡ ಸದ್ದಲ್ಲ. ಒಣ ಕಟ್ಟಿಗೆ ಮುರಿದಂತೆ ಒಂದು ಲಟಕ್. ಆಮೇಲೆ ಹೆಣ್ಣು ಪೇದೆ ಕಿರುಚಿದಳು. ನೀಲಗಂಗಾ ತಿರುಗಿ ನೋಡಿದಾಗ ಸೇತುವೆಯ ನಡುಭಾಗ ಇರಲಿಲ್ಲ. ಸಾಲಾಗಿ ಬರುತ್ತಿದ್ದ ಲಾರಿಗಳು, ಅವುಗಳ ನಡುವೆ ಒಂದು ಕೆಂಪು ಬಸ್ಸು, ಪೊಲೀಸ್ ವ್ಯಾನು, ಯಾವುದೂ ಇರಲಿಲ್ಲ. ಹೊಳೆಯ ಮೇಲೆ ಅದಿರಿನ ಕೆಂಪು ಧೂಳು ಎದ್ದು ನಿಂತಿತ್ತು. ಅದು ಇಳಿಯುವುದನ್ನೇ ಅವಳು ನೋಡುತ್ತ ಕೂತಳು.

ಹೆಣಗಳನ್ನು ತೆಗೆಯಲು ಅಂಬಿಗೇರ ಓಣಿಯವರೇ ಇಳಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಯಮನೂರಪ್ಪ ಎರಡನೆಯ ದಿನ ಸಿಕ್ಕ. ವ್ಯಾನಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಹೊಳೆಯ ಮೇಲೆಯೇ ಹುಟ್ಟಿ ಬೆಳೆದವನು ಹೊರಬರಲಾಗದೆ ಮುಳುಗಿದ್ದ.

ಸೇತುವೆ ಬಿದ್ದರೆ ಸಾಲಕ್ಕೆ ವಿಮೆ ಇತ್ತು. ಅದು ಬೀಳುವ ಗಳಿಗೆಯಲ್ಲಿ ಚೂರುಗಳನ್ನು ಹಿಡಿದಿದ್ದವರಿಗೆ ಹಣ ಸಂದಾಯವಾಯಿತು; ಆ ಯಂತ್ರಗಳ ಒಡೆಯರು ಎಲ್ಲಿದ್ದರೋ, ಅವರಿಗೆ ಬಹುಶಃ ತಿಳಿಯಲೂ ಇಲ್ಲ. ಸತ್ತವರ ಪರವಾಗಿ ಕೇಳಲು ಹೋದವರಿಗೆ ನ್ಯಾಯಾಧಿಕರಣದ ಕಚೇರಿ ಒಂದೇ ಮಾತು ಹೇಳಿತು: ದೂರು ನಿರ್ವಾಹಕನ ಮೇಲೆ ಕೊಡಬೇಕು. ನಿರ್ವಾಹಕ ಇಲ್ಲದಿದ್ದರೆ ಅದು ದೈವಘಟನೆ, ಪ್ರಕರಣವಿಲ್ಲ, ತನಿಖೆಯಿಲ್ಲ. ದೇವಧರ ಒಮ್ಮೆ ಫೋನು ಮಾಡಿದ್ದ. ಅಳುತ್ತಿದ್ದನೋ ಏನೋ, ಮಾತು ಸರಿಯಾಗಿ ಕೇಳಲಿಲ್ಲ. ನೀಲಗಂಗಾ ಫೋನು ಕೆಳಗಿಟ್ಟಳು.

ಜಾಮೀನಿನ ಮೇಲೆ ಅವಳು ಮನೆಗೆ ಬಂದ ಕೆಲವು ದಿನಗಳಿಗೆ ಮಂದಾಕಿನಿ ಬಂದಳು. ಅವಳ ಹಿಂದೆ ಹಳ್ಳಿಗಳ ಹತ್ತು ಹನ್ನೆರಡು ಜನ. ಅವರಲ್ಲಿ ಕಾಶವ್ವ ಎಂಬವಳು ಮುಂದಿದ್ದಳು. ಅವಳ ಗಂಡ ಕೆಂಪು ಬಸ್ಸಿನ ಕಂಡಕ್ಟರ್ ಆಗಿದ್ದ. ಎಲ್ಲರೂ ಪಡಸಾಲೆಯಲ್ಲಿ ಕೂತರು.  ನೀಲಗಂಗಾ ಬೈಗುಳಕ್ಕೆ ತಯಾರಾಗಿದ್ದಳು. ಲಾರಿ ಸಾಲು ನಿಲ್ಲುವಂತೆ ಮಾಡಿದವಳು ತಾನೇ ಎಂದು ದಿನವೂ ಅವಳೇ ತನ್ನನ್ನು ಬೈದುಕೊಳ್ಳುತ್ತಿದ್ದಳು.

ಮಂದಾಕಿನಿ ನೆಲ ನೋಡುತ್ತ ಹೇಳಿದಳು: "ಸೇತುವೆ ಮುಚ್ಚಿದವರು, ತೆರೆದವರು, ನಡೆಸಿದವರು, ಇವರಲ್ಲಿ ಯಾರಿದ್ದರೂ ಅವರು ನಿರ್ವಾಹಕರು ಅಂತ ಕಾಯ್ದೆ ಹೇಳ್ತದ. ಪೊಲೀಸರು ಮಾಡಿದ್ದನ್ನ ಕಾಯ್ದೆ ಬಿಟ್ಟದ. ಕಂಪನಿ ಸತ್ತ ಮ್ಯಾಲೆ ಆ ಸೇತುವೆನ ಮುಂದ ನಿಂತು ಮುಚ್ಚಿಸಿ ಬದುಕಿ ಉಳಿದವರು ಒಬ್ಬರೇ ಇದ್ದಾರ್ರಿ. ಅದು ನೀವು."

ಗೌರವ್ವ ಒಳಗಿನಿಂದ ಹೊರಗೆ ಬಂದಳು. "ಏನಂತೀಯವಾ ನೀ?"

"ನಿನ್ನ ಹೆಸರು ಕೊಡು ತಂಗಿ," ಎಂದಳು ಕಾಶವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಏನೂ ಮಾಡಿಲ್ಲಂತ ನಮಗೆಲ್ಲಾ ಗೊತ್ತೈತಿ. ನೀ ತಡದಿ. ಆದ್ರ ನನ್ನ ಗಂಡ ಸೇತುವಿ ಬಿದ್ದು ಸತ್ತ ಅಂತ ಯಾವ ಕಾಗದದಾಗೂ ಬರೀವಲ್ರು. ದೇವರು ಒಯ್ದ ಅಂತಾರ. ದೇವರು ಒಯ್ದಿಲ್ಲ. ಯಾರರೆ ಒಬ್ಬರು ಎದುರಿಗಿ ನಿಂತ್ರ ಆ ಜಡ್ಜ್ ಎಲ್ಲಾ ಕೇಳತಾನಂತ, ನಿನ್ನ ಅಂಕಿನೂ ಓದತಾನಂತ."

"ಓದಿ?" ಎಂದಳು ಗೌರವ್ವ. "ಓದಿ ಇಕೀನ ಜೈಲಿಗಿ ಹಾಕತಾನ. ನನ್ನ ಮಗನ ಸಾವಿಗಿ ನನ್ನ ಸೊಸಿ ಹೊಣಿ ಅಂತ ಬರೀತಾನ. ಎದ್ದು ಹೋಗ್ರಿ ಎಲ್ಲಾರೂ!"

ಯಾರೂ ಏಳಲಿಲ್ಲ. ಒಬ್ಬ ಮುದುಕ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿದ.

"ಪರಿಹಾರ ಏನರೆ ಸಿಗತೈತೇನ್ರಿ ಇವರಿಗಿ?" ಎಂದು ಕೇಳಿದಳು ನೀಲಗಂಗಾ.

"ನಿಮ್ಮ ಮನೆ, ಹೊಲ, ದೋಣಿ ಎಷ್ಟು ಬಾಳತಾವೋ ಅಷ್ಟು," ಎಂದಳು ಮಂದಾಕಿನಿ. "ಹಂಚಿದ್ರ ಒಬ್ಬೊಬ್ಬರಿಗೆ ಏನೂ ಉಳಿಯಂಗಿಲ್ಲ. ನಾ ಸುಳ್ಳು ಹೇಳಂಗಿಲ್ರಿ. ಮುಂದ ಯಾರರೆ ಈ ಕಾಯ್ದೆ ಬದಲು ಮಾಡತಾರ ಅಂತನೂ ನನಗ ನಂಬಿಕಿ ಇಲ್ಲ. ಇದು ದಾಖಲಾಗ್ತದ, ಅಷ್ಟ."

ನೀಲಗಂಗಾ ಅತ್ತೆಯ ಮುಖ ನೋಡಿದಳು. ಗೌರವ್ವ ಗೋಡೆಗೆ ಒರಗಿ ಜಾರಿ ಕೂತಳು.  ಹೊರಗೆ ಪಂಜರದ ಮೀನು ಮೇವಿಲ್ಲದೆ ಸತ್ತು ತೇಲಿದ ವಾಸನೆ ಒಳಗೂ ಬರುತ್ತಿತ್ತು. ಕೊನೆಗೆ ಮುದುಕಿಯೇ, "ಕೊಡು" ಎಂದಳು. "ಅವನ ಹೆಸರರೆ ಒಂದ್ ಕಡೆ ಬರೀಲಿ."

ನ್ಯಾಯಾಧಿಕರಣದಲ್ಲಿ ಅಂದು ಜನ ಕಿಕ್ಕಿರಿದಿದ್ದರು. ನ್ಯಾಯಾಧೀಶರು ಮೊದಲಿನವರೇ, ಇನ್ನಷ್ಟು ಇಳಿದುಹೋಗಿದ್ದರು. ಪ್ರಕರಣಗಳನ್ನು ಒಂದೊಂದಾಗಿ ಕರೆದರು. ಕಂಡಕ್ಟರನದು, ಲಾರಿ ಚಾಲಕರದು, ಬಿರಾದಾರನದು. ಪ್ರತಿ ಸಲವೂ ಗುಮಾಸ್ತ ಪ್ರತಿವಾದಿಯ ಹೆಸರು ಓದಿದಾಗ ನೀಲಗಂಗಾ ಎಡಗಡೆಯ ಕಟಕಟೆಯಲ್ಲಿ ನಿಂತು ಹಾಜರ್ ಎಂದಳು. ಗೋಡೆಯ ಪರದೆ ಆರಿಸಿತ್ತು. ಓದಲು ಈಗ ಒಂದೇ ಹೆಸರು ಸಾಕಾಗಿತ್ತು.

"ಯಮನೂರಪ್ಪ ಅಂಬಿಗೇರ ಇವರ ಸಾವಿನ ಪ್ರಕರಣ," ಎಂದ ಗುಮಾಸ್ತ. "ವಾದಿ, ಮೃತರ ಪತ್ನಿ, ನೀಲಗಂಗಾ ಯಮನೂರಪ್ಪ ಅಂಬಿಗೇರ."

ವಾದಿಗಳು ನಿಲ್ಲುವುದು ಬಲಗಡೆಯ ಕಟಕಟೆಯಲ್ಲಿ. ನೀಲಗಂಗಾ ಕಟಕಟೆಯಿಂದ ಇಳಿದು, ಮಂದಿಯ ನಡುವೆ ದಾರಿ ಮಾಡಿಕೊಂಡು ಬಲಗಡೆಗೆ ಹೋಗಿ ನಿಂತಳು. "ಹಾಜರ್."

"ಪ್ರತಿವಾದಿ..." ಗುಮಾಸ್ತ ಕಾಗದ ನೋಡಿ ತಡೆದ. ನ್ಯಾಯಾಧೀಶರ ಕಡೆ ನೋಡಿದ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಿದ್ದರು, ಓದಬೇಡ ಎಂದು ಹೇಳಲಿಲ್ಲ.

"ಪ್ರತಿವಾದಿ, ನೀಲಗಂಗಾ ಯಮನೂರಪ್ಪ ಅಂಬಿಗೇರ."

ಅವಳು ಮತ್ತೆ ಇಳಿದಳು. ಜನ ಸರಿದು ದಾರಿ ಬಿಟ್ಟರು. ಎಡಗಡೆಗೆ ನಡೆದು ಹೋಗಿ, ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡು, ಅಲ್ಲಿಂದಲೂ ಹಾಜರ್ ಎಂದಳು.